ಹಳೆಯ ವಾಲ್ವ್ ರೇಡಿಯೊಗಳ ಮರುವೈರಿಂಗ್ ಮಾಡಿದ ವಿದ್ಯುತ್ ಸರಬರಾಜು ಘಟಕ: ಸುರಕ್ಷಿತ ಪರೀಕ್ಷಾ ಕ್ರಮ

(ಸಾರ್ವಜನಿಕರ ಮಾಹಿತಿಗಾಗಿ)

1. ಪೀಠಿಕೆ

1935ರಲ್ಲಿ ಮೈಸೂರಿನಲ್ಲಿ ಡಾ. ಎಂ.ವಿ. ಗೋಪಾಲಸ್ವಾಮಿಯವರು ‘ಆಕಾಶವಾಣಿ’ ಎಂಬ ಹೆಸರಿನ ಬಾನುಲಿ ಕೇಂದ್ರವನ್ನು ಆರಂಭಿಸಿದ ಕಾಲದಿಂದ ಟ್ರಾನ್ಸಿಸ್ಟರ್ ರೇಡಿಯೊಗಳು ಬಳಕೆಗೆ ಬರುವವರೆಗೆ ನಾಡಿನ ಮನೆಗಳಲ್ಲಿ ವಾಲ್ವ್ ರೇಡಿಯೊಗಳೇ ಬಳಕೆಯಲ್ಲಿದ್ದವು. 1954ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು ಇಂತಹ ರೇಡಿಯೊಗಳಿಗೆ ಬೇಕಾದ ವಾಲ್ವ್‌ಗಳನ್ನೂ ತಯಾರಿಸಿದೆ. ಹಿರಿಯರಿಂದ ಬಂದ ಇಂತಹ ರೇಡಿಯೊಗಳನ್ನು ಅನೇಕ ಕುಟುಂಬಗಳು ಇಂದಿಗೂ ಜೋಪಾನವಾಗಿ ಇರಿಸಿಕೊಂಡಿವೆ.

ಈ ರೇಡಿಯೊಗಳಲ್ಲಿ ಬಳಸಲಾಗಿದ್ದ ರಬ್ಬರ್ ಹೊದಿಕೆಯ ತಂತಿಗಳು ಕಾಲಕ್ರಮೇಣ ಗಡುಸಾಗಿ, ಸ್ವಲ್ಪ ಬಾಗಿಸಿದರೂ ಪುಡಿಯಾಗಿ ಉದುರುತ್ತವೆ. ಆದ್ದರಿಂದ ದುರಸ್ತಿಯ ಮೊದಲ ಕೆಲಸವು ಸಾಮಾನ್ಯವಾಗಿ ವಿದ್ಯುತ್ ಸರಬರಾಜು ಘಟಕದ ಮರುವೈರಿಂಗ್ ಆಗಿರುತ್ತದೆ. ಮರುವೈರಿಂಗ್ ಮುಗಿದೊಡನೆ ರೇಡಿಯೊವನ್ನು ನೇರವಾಗಿ ಗೋಡೆಯ ಸಾಕೆಟ್‌ಗೆ ಜೋಡಿಸಿ ಸ್ವಿಚ್ ಹಾಕಿ ನೋಡುವ ರೂಢಿಯು ಅಪಾಯಕಾರಿಯಾದುದು. ಒಂದೇ ಒಂದು ತಪ್ಪು ಜೋಡಣೆಯಿಂದ ಮತ್ತೆ ದೊರೆಯದ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು, ಬೆಂಕಿ ಸಂಭವಿಸಬಹುದು ಅಥವಾ ಪ್ರಾಣಹಾನಿಯಾಗಬಹುದು. ಹಂತ ಹಂತವಾಗಿ ಪರೀಕ್ಷಿಸುವ ಕ್ರಮವನ್ನು ಸಾರ್ವಜನಿಕರ ಅನುಕೂಲಕ್ಕಾಗಿ ಈ ಪುಟದಲ್ಲಿ ವಿವರಿಸಲಾಗಿದೆ.

2. ಈ ಮಾಹಿತಿ ಯಾರಿಗೆ

2.1 ವಾಲ್ವ್ ರೇಡಿಯೊ ಅಥವಾ ಹಳೆಯ ಸಂವಹನ ಗ್ರಾಹಕ ಯಂತ್ರವನ್ನು ಸ್ವತಃ ದುರಸ್ತಿ ಮಾಡುವ, ಮಲ್ಟಿಮೀಟರ್ ಬಳಕೆ ಬಲ್ಲ ವ್ಯಕ್ತಿಗಳಿಗೆ.

2.2 ದುರಸ್ತಿಗಾರರಿಗೆ ಕೆಲಸ ಒಪ್ಪಿಸಿ, ಯಾವ ಯಾವ ಪರೀಕ್ಷೆ ಆಗಿರಬೇಕು ಎಂಬುದನ್ನು ಕೇಳಿ ತಿಳಿಯಬಯಸುವ ಮಾಲೀಕರಿಗೆ.

2.3 ಹಳೆಯ ರೇಡಿಯೊಗಳನ್ನು ಪ್ರದರ್ಶನಕ್ಕಿಡುವ ಶಾಲೆ, ಗ್ರಂಥಾಲಯ ಹಾಗೂ ವಸ್ತುಸಂಗ್ರಹಾಲಯಗಳ ಜವಾಬ್ದಾರರಿಗೆ.

ವಿದ್ಯುತ್ ಕೆಲಸದ ಪರಿಚಯವಿಲ್ಲದವರು ಈ ಪುಟವನ್ನು ಓದಿ ಪರೀಕ್ಷೆಗೆ ತೊಡಗಕೂಡದು. ಅಂತಹವರು ಪರಿಣತರ ನೆರವು ಪಡೆಯತಕ್ಕದ್ದು.

3. ಅಪಾಯದ ಸ್ವರೂಪ

3.1 ವಾಲ್ವ್ ರೇಡಿಯೊದಲ್ಲಿ ಗೃಹಬಳಕೆಯ 230 ವೋಲ್ಟ್ ಎ.ಸಿ. ಮಾತ್ರವಲ್ಲದೆ, ಅದರಿಂದ ಪಡೆದ 200ರಿಂದ 350 ವೋಲ್ಟ್‌ಗಳಷ್ಟು ಡಿ.ಸಿ. ಒತ್ತಡವೂ ಇರುತ್ತದೆ. ಇದನ್ನು ಹೈ ಟೆನ್ಷನ್ ಅಥವಾ ಎಚ್.ಟಿ. ಎಂದು ಕರೆಯಲಾಗುತ್ತದೆ. ದೇಹದ ಮೂಲಕ ಸುಮಾರು 10 ಮಿಲಿ ಆಂಪಿಯರ್ ಎ.ಸಿ. ಹರಿದರೆ ಹಿಡಿದ ತಂತಿಯನ್ನು ಬಿಡಲಾಗದಂತೆ ಸ್ನಾಯುಗಳು ಬಿಗಿಯಬಹುದು. 30 ಮಿಲಿ ಆಂಪಿಯರ್ ಮೀರಿದರೆ ಹೃದಯದ ಬಡಿತಕ್ಕೇ ಅಪಾಯ ಒದಗಬಹುದು. ಸಾಮಾನ್ಯ ರೇಡಿಯೊದ ಎಚ್.ಟಿ. ಮಾರ್ಗವು 60 ಮಿಲಿ ಆಂಪಿಯರ್ ಅಥವಾ ಅದಕ್ಕೂ ಹೆಚ್ಚು ಪ್ರವಾಹವನ್ನು ಸುಲಭವಾಗಿ ಒದಗಿಸಬಲ್ಲದು.

3.2 ಪ್ಲಗ್ ಕಿತ್ತ ಮಾತ್ರಕ್ಕೆ ಅಪಾಯ ನಿವಾರಣೆಯಾಗುವುದಿಲ್ಲ. ತಲಾ 47 ಮೈಕ್ರೋ ಫ್ಯಾರಡ್‌ನ ಎರಡು ಕೆಪಾಸಿಟರ್‌ಗಳು 350 ವೋಲ್ಟ್‌ಗೆ ಚಾರ್ಜ್ ಆಗಿದ್ದಲ್ಲಿ ಅವುಗಳಲ್ಲಿ ಸುಮಾರು 5.8 ಜೂಲ್ ಶಕ್ತಿ ಸಂಗ್ರಹವಾಗಿರುತ್ತದೆ. ವಾಲ್ವ್‌ಗಳನ್ನು ತೆಗೆದಿರುವ ಸ್ಥಿತಿಯಲ್ಲಿ ಈ ಶಕ್ತಿ ಹರಿದುಹೋಗಲು ದಾರಿಯಿಲ್ಲದೆ ದೀರ್ಘಕಾಲ ಉಳಿದಿರುತ್ತದೆ.

3.3 ‘5 ವೋಲ್ಟ್’ ಎಂಬ ಬರಹವನ್ನು ನಂಬಿ ಮುಟ್ಟಕೂಡದು. 5ವೈ3, ಜಿಜಡ್ 34 ಮೊದಲಾದ ರೆಕ್ಟಿಫೈಯರ್ ವಾಲ್ವ್‌ಗಳಿಗೆ ಹೋಗುವ 5 ವೋಲ್ಟ್‌ನ ಸುರುಳಿಯ ಎರಡು ತುದಿಗಳ ನಡುವೆ 5 ವೋಲ್ಟ್ ಮಾತ್ರ ಇದ್ದರೂ, ಷಾಸಿಗೆ ಹೋಲಿಸಿದಾಗ ಆ ಸುರುಳಿಯು ಪೂರ್ಣ ಎಚ್.ಟಿ. ಒತ್ತಡದಲ್ಲಿರುತ್ತದೆ. ಆದುದರಿಂದ ಈ ತಂತಿಗಳಿಗೆ ಕನಿಷ್ಠ 600 ವೋಲ್ಟ್ ದರ್ಜೆಯ ಹೊದಿಕೆ ಇರಬೇಕು. ಮರುವೈರಿಂಗ್‌ನಲ್ಲಿ ಇಲ್ಲಿ ಗಂಟೆ ಹೊಡೆಯುವ ಬೆಲ್ ತಂತಿ ಅಥವಾ ತೆಳು ತಂತಿಯನ್ನು ಬಳಸಿದ್ದಲ್ಲಿ ಬದಲಾಯಿಸತಕ್ಕದ್ದು.

4. ಮೊದಲು ರೇಡಿಯೊದ ಬಗೆಯನ್ನು ಗುರುತಿಸುವುದು

ಪರೀಕ್ಷಾ ಕ್ರಮವು ರೇಡಿಯೊದ ಬಗೆಯನ್ನು ಅವಲಂಬಿಸಿರುವುದರಿಂದ ಈ ಹೆಜ್ಜೆಯನ್ನು ಬಿಡಕೂಡದು.

(ಅ) ಎ.ಸಿ. ರೇಡಿಯೊ: ಇದರಲ್ಲಿ ಭಾರವಾದ ಟ್ರಾನ್ಸ್‌ಫಾರ್ಮರ್ ಇದ್ದು, ಅದರ ಪ್ರೈಮರಿ ಹಾಗೂ ಸೆಕೆಂಡರಿ ಸುರುಳಿಗಳು ಪ್ರತ್ಯೇಕವಾಗಿರುತ್ತವೆ. ಷಾಸಿಯು ವಿದ್ಯುತ್ ಮಾರ್ಗಕ್ಕೆ ನೇರವಾಗಿ ಸೇರಿರುವುದಿಲ್ಲ. ಇಜಡ್ 80, ಇಜಡ್ 81, 6ಎಕ್ಸ್4 ಅಥವಾ 5ವೈ3 ಮಾದರಿಯ ರೆಕ್ಟಿಫೈಯರ್ ವಾಲ್ವ್ ಇರುತ್ತದೆ.

(ಆ) ಎ.ಸಿ./ಡಿ.ಸಿ. ರೇಡಿಯೊ: ಹಿಂದೆ ಕೆಲವು ನಗರಗಳಲ್ಲಿ ಡಿ.ಸಿ. ಸರಬರಾಜು ಇದ್ದುದರಿಂದ ಎರಡಕ್ಕೂ ಹೊಂದುವ ಈ ಬಗೆಯ ರೇಡಿಯೊಗಳು ತಯಾರಾದವು. ಇವುಗಳಲ್ಲಿ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. ವಾಲ್ವ್‌ಗಳ ಹೀಟರ್‌ಗಳು ಸರಣಿಯಲ್ಲಿ ಜೋಡಣೆಯಾಗಿರುತ್ತವೆ. ವಾಲ್ವ್‌ಗಳ ಹೆಸರು ಯುಸಿಎಚ್ 81, ಯುಎಲ್ 84, ಯುವೈ 85 ಎಂಬಂತೆ ‘ಯು’ ಅಕ್ಷರದಿಂದ ಆರಂಭವಾಗುವುದು ಇದರ ಒಂದು ಗುರುತು. ಇಂತಹ ರೇಡಿಯೊದ ಷಾಸಿಯು ವಿದ್ಯುತ್ ಮಾರ್ಗದ ಒಂದು ತಂತಿಗೆ ನೇರವಾಗಿ ಸೇರಿರುತ್ತದೆ. ಎರಡು ಪಿನ್ನಿನ ಪ್ಲಗ್ ತಿರುವುಮುರುವಾದರೆ ಇಡೀ ಷಾಸಿಯು 230 ವೋಲ್ಟ್ ಒತ್ತಡಕ್ಕೆ ಬರುತ್ತದೆ.

ಮುಖ್ಯ ಸೂಚನೆ: (ಆ) ವರ್ಗದ ರೇಡಿಯೊದ ಷಾಸಿಗೆ ಭೂಸಂಪರ್ಕದ ತಂತಿಯನ್ನು ಯಾವ ಕಾರಣಕ್ಕೂ ಜೋಡಿಸಕೂಡದು. ಈ ವರ್ಗಕ್ಕೆ ಪ್ರತ್ಯೇಕ ಸೂಚನೆಗಳನ್ನು 8ನೇ ಭಾಗದಲ್ಲಿ ನೀಡಲಾಗಿದೆ. 6 ಮತ್ತು 7ನೇ ಭಾಗಗಳು (ಅ) ವರ್ಗದ ರೇಡಿಯೊಗಳಿಗೆ ಸಂಬಂಧಿಸಿವೆ.

5. ಅಗತ್ಯ ಉಪಕರಣಗಳು ಮತ್ತು ಸ್ಥಳದ ಸಿದ್ಧತೆ

5.1 ಕನಿಷ್ಠ 600 ವೋಲ್ಟ್ ಅಳೆಯಬಲ್ಲ, ಉತ್ತಮ ಸ್ಥಿತಿಯ ತಂತಿಗಳುಳ್ಳ ಮಲ್ಟಿಮೀಟರ್. ಋಣ ತಂತಿಯ ತುದಿಗೆ ಹೊದಿಕೆಯುಳ್ಳ ಕ್ಲಿಪ್ ಇರಬೇಕು.

5.2 500 ವೋಲ್ಟ್ ಡಿ.ಸಿ. ಮೆಗ್ಗರ್.

5.3 ಸೀರೀಸ್ ಲ್ಯಾಂಪ್ ಬೋರ್ಡ್. ಫೇಸ್ ತಂತಿಯಲ್ಲಿ ಸರಣಿಯಾಗಿ 60 ವ್ಯಾಟ್‌ನ ತಂತು ಬಲ್ಬನ್ನು ಜೋಡಿಸಿದ ಬೋರ್ಡ್ ಇದಾಗಿದೆ. 230 ವೋಲ್ಟ್, 60 ವ್ಯಾಟ್ ಬಲ್ಬಿನ ಬಿಸಿ ಸ್ಥಿತಿಯ ರೋಧ ಸುಮಾರು 880 ಓಮ್ ಇರುವುದರಿಂದ, ರೇಡಿಯೊದಲ್ಲಿ ಪೂರ್ಣ ಷಾರ್ಟ್ ಇದ್ದರೂ ಪ್ರವಾಹವು ಸುಮಾರು 0.26 ಆಂಪಿಯರ್‌ಗೆ ಸೀಮಿತವಾಗುತ್ತದೆ. ಎಲ್‌ಇಡಿ ಹಾಗೂ ಸಿಎಫ್‌ಎಲ್ ಬಲ್ಬುಗಳು ಈ ಕೆಲಸಕ್ಕೆ ಬರುವುದಿಲ್ಲ.

5.4 4.7 ಕಿಲೋ ಓಮ್, 25 ವ್ಯಾಟ್‌ನ ತಂತಿಸುತ್ತಿನ ರೋಧಕ (ಕೃತಕ ಹೊರೆಯಾಗಿ ಬಳಸಲು).

5.5 ಡಿಸ್ಚಾರ್ಜ್ ಕಡ್ಡಿ: 2.2 ಕಿಲೋ ಓಮ್, 10 ವ್ಯಾಟ್ ರೋಧಕವನ್ನು ಹೊದಿಕೆಯುಳ್ಳ ಹಿಡಿಕೆಗೆ ಅಳವಡಿಸಿ, ಇನ್ನೊಂದು ತುದಿಗೆ ಕ್ಲಿಪ್ ಜೋಡಿಸಿದ್ದು. ಸ್ಕ್ರೂ ಡ್ರೈವರ್‌ನಿಂದ ಕೆಪಾಸಿಟರ್ ತುದಿಗಳನ್ನು ತಾಗಿಸಿ ಕಿಡಿ ಹಾರಿಸುವ ಪದ್ಧತಿಯನ್ನು ಅನುಸರಿಸಕೂಡದು.

5.6 ಪರೀಕ್ಷೆಯ ಸಾಕೆಟ್‌ಗೆ 30 ಮಿಲಿ ಆಂಪಿಯರ್ ಸಂವೇದನೆಯ ಆರ್‌ಸಿಸಿಬಿ ರಕ್ಷಣೆ ಇರಬೇಕು. ಆದರೆ ಅದರ ಮಿತಿಯನ್ನು ತಿಳಿದಿರುವುದು ಅವಶ್ಯ. ಫೇಸ್ ತಂತಿಯಿಂದ ಭೂಮಿಗೆ ಸೋರಿಕೆಯಾದರೆ ಮಾತ್ರ ಅದು ಕೆಲಸ ಮಾಡುತ್ತದೆ. ಟ್ರಾನ್ಸ್‌ಫಾರ್ಮರ್‌ನ ಸೆಕೆಂಡರಿ ಭಾಗದಲ್ಲಿ, ಎಚ್.ಟಿ. ಮತ್ತು ಷಾಸಿಗಳ ನಡುವೆ ಕೈ ಸಿಲುಕಿದರೆ ಆರ್‌ಸಿಸಿಬಿ ರಕ್ಷಿಸುವುದಿಲ್ಲ.

5.7 ಗೋಡೆಯ ಸಾಕೆಟ್‌ನಲ್ಲಿ ಫೇಸ್ ಹಾಗೂ ನ್ಯೂಟ್ರಲ್ ನಡುವೆ, ಮತ್ತು ಫೇಸ್ ಹಾಗೂ ಭೂಸಂಪರ್ಕದ ನಡುವೆ ಸುಮಾರು 230 ವೋಲ್ಟ್ ಇರಬೇಕು. ನ್ಯೂಟ್ರಲ್ ಹಾಗೂ ಭೂಸಂಪರ್ಕದ ನಡುವೆ ಕೆಲವೇ ವೋಲ್ಟ್ ಇರಬೇಕು. ಹಾಗಿಲ್ಲದಿದ್ದಲ್ಲಿ ಮನೆಯ ವೈರಿಂಗ್ ಸರಿಪಡಿಸಿದ ನಂತರವೇ ಮುಂದುವರಿಯತಕ್ಕದ್ದು.

5.8 ಸ್ಥಳವು ಒಣಗಿದ್ದು, ಕಾಲ ಕೆಳಗೆ ರಬ್ಬರ್ ಮ್ಯಾಟ್ ಇರಬೇಕು. ಮೇಜು ಮರದ್ದಾಗಿರಬೇಕು. ಉಂಗುರ, ಕೈಗಡಿಯಾರ, ಬಳೆಗಳನ್ನು ತೆಗೆದಿರಿಸಬೇಕು. ಒಬ್ಬಂಟಿಯಾಗಿ ಪರೀಕ್ಷಿಸಕೂಡದು, ಜೊತೆಯಲ್ಲಿರುವವರಿಗೆ ಮುಖ್ಯ ಸ್ವಿಚ್ ಎಲ್ಲಿದೆ ಎಂಬುದನ್ನು ಮೊದಲೇ ತೋರಿಸಿರಬೇಕು. ಮಕ್ಕಳನ್ನು ಸಮೀಪಕ್ಕೆ ಬಿಡಕೂಡದು.

6. ಪರೀಕ್ಷಾ ಕ್ರಮ

ಹಂತ 1: ಪ್ಲಗ್ ಜೋಡಿಸದೆ ನಡೆಸುವ ಪರೀಕ್ಷೆಗಳು

1. ಸ್ವಿಚ್ ಮತ್ತು ಫ್ಯೂಸ್ ಎರಡೂ ಫೇಸ್ ತಂತಿಯಲ್ಲಿಯೇ ಇವೆಯೆಂದು ಖಚಿತಪಡಿಸಿಕೊಳ್ಳುವುದು. ಹಳೆಯ ತಂತಿಗಳಲ್ಲಿ ಕೆಂಪು ಫೇಸ್, ಕಪ್ಪು ನ್ಯೂಟ್ರಲ್, ಹಸಿರು ಭೂಸಂಪರ್ಕ. ಹೊಸ ತಂತಿಗಳಲ್ಲಿ ಕಂದು ಫೇಸ್, ನೀಲಿ ನ್ಯೂಟ್ರಲ್, ಹಸಿರು-ಹಳದಿ ಭೂಸಂಪರ್ಕ. ನಮ್ಮಲ್ಲಿ ಬಳಕೆಯಲ್ಲಿರುವ ಮೂರು ಪಿನ್ನಿನ ಪ್ಲಗ್‌ಗಳಲ್ಲಿ ಸಾಮಾನ್ಯವಾಗಿ ಫ್ಯೂಸ್ ಇರುವುದಿಲ್ಲವಾದ್ದರಿಂದ ರೇಡಿಯೊದೊಳಗೇ ಫ್ಯೂಸ್ ಅಳವಡಿಸುವುದು ಅವಶ್ಯ. 50 ವ್ಯಾಟ್‌ನ ರೇಡಿಯೊ ಸುಮಾರು 0.22 ಆಂಪಿಯರ್ ಸೆಳೆಯುತ್ತದೆ; ಅದಕ್ಕೆ 500 ಮಿಲಿ ಆಂಪಿಯರ್‌ನ ನಿಧಾನ ಬಗೆಯ ಫ್ಯೂಸ್ ಸಾಕಾಗುತ್ತದೆ.

2. ಪ್ಲಗ್‌ನ ಭೂಸಂಪರ್ಕ ಪಿನ್ನಿನಿಂದ ಷಾಸಿಯವರೆಗಿನ ರೋಧವು 0.5 ಓಮ್ ಮೀರಕೂಡದು. ಮೀಟರ್ ತಂತಿಗಳ ಸ್ವಂತ ರೋಧವನ್ನು ಕಳೆದು ಲೆಕ್ಕ ಹಾಕತಕ್ಕದ್ದು. ತುಕ್ಕು ಅಥವಾ ಬಣ್ಣದ ಮೇಲೆ ಭೂಸಂಪರ್ಕದ ತಿರುಪನ್ನು ಬಿಗಿಯಕೂಡದು.

3. ಫೇಸ್ ಮತ್ತು ನ್ಯೂಟ್ರಲ್ ಪಿನ್ನುಗಳನ್ನು ಒಟ್ಟುಗೂಡಿಸಿ, ರೇಡಿಯೊದ ಸ್ವಿಚ್ ಹಾಕಿದ ಸ್ಥಿತಿಯಲ್ಲಿ, ಅವುಗಳಿಗೂ ಷಾಸಿಗೂ ನಡುವೆ ಮೆಗ್ಗರ್‌ನಿಂದ ನಿರೋಧನವನ್ನು ಅಳೆಯುವುದು. ಇದು 1 ಮೆಗಾ ಓಮ್‌ಗಿಂತ ಕಡಿಮೆಯಿದ್ದಲ್ಲಿ ವಿದ್ಯುತ್ ಕೊಡಕೂಡದು. ಒಳ್ಳೆಯ ಸ್ಥಿತಿಯ ಟ್ರಾನ್ಸ್‌ಫಾರ್ಮರ್ ಇದಕ್ಕಿಂತ ಬಹಳ ಹೆಚ್ಚು ತೋರಿಸುತ್ತದೆ. ತೇವದಿಂದ ನಿರೋಧನ ತಗ್ಗಿದ್ದರೆ ಬೆಚ್ಚನೆಯ ಒಣ ಸ್ಥಳದಲ್ಲಿ ಕೆಲವು ದಿನ ಇರಿಸಿ ಮತ್ತೆ ಅಳೆಯಬಹುದು.

4. ವಿದ್ಯುತ್ ಮಾರ್ಗದಿಂದ ಷಾಸಿಗೆ ಜೋಡಿಸಿರುವ ಹಳೆಯ ಕಾಗದದ ಕೆಪಾಸಿಟರ್ ಇದ್ದಲ್ಲಿ ಅದನ್ನು ತೆಗೆದುಹಾಕತಕ್ಕದ್ದು. ಬದಲಿ ಅಳವಡಿಸುವುದಾದರೆ ವೈ2 ದರ್ಜೆಯ ಕೆಪಾಸಿಟರ್ ಮಾತ್ರ. ಫೇಸ್ ಹಾಗೂ ನ್ಯೂಟ್ರಲ್ ನಡುವೆ ಎಕ್ಸ್2 ದರ್ಜೆಯದ್ದು.

5. ಎಲ್ಲ ಸುರುಳಿಗಳ ರೋಧವನ್ನು ಅಳೆದು ಬರೆದಿಡುವುದು. ಪ್ರೈಮರಿ ಸಾಮಾನ್ಯವಾಗಿ ಕೆಲವು ಹತ್ತು ಓಮ್, ಎಚ್.ಟಿ. ಸುರುಳಿಯ ಪ್ರತಿ ಅರ್ಧವು ನೂರಾರು ಓಮ್, ಹೀಟರ್ ಸುರುಳಿಯು ಒಂದು ಓಮ್‌ಗಿಂತ ಕಡಿಮೆ ಇರುತ್ತದೆ. ಎಚ್.ಟಿ.ಯ ಎರಡು ಅರ್ಧಗಳ ನಡುವೆ ಸಣ್ಣ ವ್ಯತ್ಯಾಸ ಸಹಜ. ಒಂದು ಅರ್ಧ ಪೂರ್ತಿ ತೆರೆದಿದ್ದರೆ ಅದು ದೋಷ.

6. ವೋಲ್ಟೇಜ್ ಆಯ್ಕೆಯ ಫಲಕವನ್ನು ಪರಿಶೀಲಿಸುವುದು. 220 ಮತ್ತು 245 ಎಂಬ ಎರಡು ಸ್ಥಾನಗಳಿದ್ದಲ್ಲಿ ಹೆಚ್ಚಿನದನ್ನೇ ಆರಿಸುವುದು ಕ್ಷೇಮ. ಮನೆಯಲ್ಲಿ 240 ವೋಲ್ಟ್ ಇರುವಾಗ 220ರ ಸ್ಥಾನದಲ್ಲಿಟ್ಟರೆ 6.3 ವೋಲ್ಟ್‌ನ ಹೀಟರ್‌ಗೆ ಸುಮಾರು 6.9 ವೋಲ್ಟ್ ತಲುಪುತ್ತದೆ, ಎಚ್.ಟಿ.ಯೂ ಶೇ. 9ರಷ್ಟು ಏರುತ್ತದೆ. 110 ಅಥವಾ 125ರ ಸ್ಥಾನದಲ್ಲಿದ್ದರೆ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗುವುದು ಖಚಿತ.

7. ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳ ಧನ-ಋಣ ಜೋಡಣೆಯನ್ನು ಎರಡು ಬಾರಿ ನೋಡುವುದು. ಕೆಲವು ರೇಡಿಯೊಗಳಲ್ಲಿ ಔಟ್‌ಪುಟ್ ವಾಲ್ವ್‌ನ ಬಯಾಸ್ ಪಡೆಯಲು ಟ್ರಾನ್ಸ್‌ಫಾರ್ಮರ್‌ನ ನಡುತುದಿಯನ್ನು ಒಂದು ರೋಧಕದ ಮೂಲಕ ಷಾಸಿಗೆ ಜೋಡಿಸಿರುತ್ತಾರೆ. ಅಂತಹ ರೇಡಿಯೊದಲ್ಲಿ ಮೊದಲ ಕೆಪಾಸಿಟರ್‌ನ ಋಣ ತುದಿಯು ಷಾಸಿಗೆ ಹೋಗುವುದಿಲ್ಲ, ನಡುತುದಿಗೆ ಹೋಗುತ್ತದೆ. ಮರುವೈರಿಂಗ್‌ನಲ್ಲಿ ಅದನ್ನು ಷಾಸಿಗೆ ಸೇರಿಸಿದರೆ ಗುಂಯ್‌ಗುಡುವ ಸದ್ದು ಹೆಚ್ಚುತ್ತದೆ ಹಾಗೂ ಬಯಾಸ್ ವ್ಯತ್ಯಾಸವಾಗುತ್ತದೆ.

8. ಎಚ್.ಟಿ. ಮಾರ್ಗದಲ್ಲಿ ಕೆಪಾಸಿಟರ್‌ಗಳಿಗೆ ಸಮಾನಾಂತರವಾಗಿ 100 ಕಿಲೋ ಓಮ್, 2 ವ್ಯಾಟ್‌ನ ಎರಡು ರೋಧಕಗಳನ್ನು ಸರಣಿಯಲ್ಲಿ ಶಾಶ್ವತವಾಗಿ ಅಳವಡಿಸುವುದು ಸೂಕ್ತ. ಒಟ್ಟು 94 ಮೈಕ್ರೋ ಫ್ಯಾರಡ್ ಇದ್ದಲ್ಲಿ 350 ವೋಲ್ಟ್‌ನಿಂದ 50 ವೋಲ್ಟ್‌ಗೆ ಇಳಿಯಲು ಸುಮಾರು 37 ಸೆಕೆಂಡು ಬೇಕಾಗುತ್ತದೆ. ಆದರೂ 2 ನಿಮಿಷ ಕಾಯುವುದನ್ನು ನಿಯಮವಾಗಿಟ್ಟುಕೊಳ್ಳತಕ್ಕದ್ದು.

ಹಂತ 2: ಟ್ರಾನ್ಸ್‌ಫಾರ್ಮರ್ ಮಾತ್ರ

1. ರೆಕ್ಟಿಫೈಯರ್ ಸೇರಿದಂತೆ ಎಲ್ಲ ವಾಲ್ವ್‌ಗಳನ್ನೂ ಡಯಲ್ ಬಲ್ಬುಗಳನ್ನೂ ತೆಗೆದು, ಯಾವ ಸಾಕೆಟ್‌ಗೆ ಯಾವುದು ಎಂಬುದನ್ನು ಗುರುತು ಹಾಕಿ ಇರಿಸುವುದು. ಸಿಲಿಕಾನ್ ಡಯೋಡ್ ಅಳವಡಿಸಿದ್ದಲ್ಲಿ ಅದರ ಸಂಪರ್ಕವನ್ನು ಬಿಡಿಸುವುದು.

2. ಸೀರೀಸ್ ಲ್ಯಾಂಪ್ ಮೂಲಕ ವಿದ್ಯುತ್ ನೀಡುವುದು. ಬಲ್ಬು ಕ್ಷಣಕಾಲ ಮಿನುಗಿ ಆರಬೇಕು ಅಥವಾ ತಂತು ಮಾತ್ರ ಮಂದವಾಗಿ ಕೆಂಪಾಗಬಹುದು. ಬಲ್ಬು ಪ್ರಕಾಶಮಾನವಾಗಿ ಉರಿಯುತ್ತಿದ್ದರೆ ಕೂಡಲೇ ಪ್ಲಗ್ ತೆಗೆಯುವುದು. ನಂತರ ಸೆಕೆಂಡರಿ ಸುರುಳಿಗಳನ್ನು ಒಂದೊಂದಾಗಿ ಬಿಡಿಸಿ ಪುನಃ ಪರೀಕ್ಷಿಸುವುದು. ಯಾವ ಸುರುಳಿಯನ್ನು ಬಿಡಿಸಿದಾಗ ಬಲ್ಬು ಆರುತ್ತದೆಯೋ ಆ ಸುರುಳಿಯ ವೈರಿಂಗ್‌ನಲ್ಲಿ ದೋಷವಿದೆ. ಎಲ್ಲವನ್ನೂ ಬಿಡಿಸಿದ ಮೇಲೂ ಉರಿಯುತ್ತಿದ್ದರೆ ಟ್ರಾನ್ಸ್‌ಫಾರ್ಮರ್‌ನಲ್ಲಿಯೇ ಸುತ್ತುಗಳು ಕೂಡಿಕೊಂಡಿವೆ ಎಂದರ್ಥ.

3. ಮೀಟರ್‌ನ ಋಣ ಕ್ಲಿಪ್ಪನ್ನು ವಿದ್ಯುತ್ ಕೊಡುವ ಮೊದಲೇ ನಡುತುದಿಗೆ ಸಿಕ್ಕಿಸಿ, ಒಂದು ಕೈಯನ್ನು ಜೇಬಿನಲ್ಲಿ ಅಥವಾ ಬೆನ್ನ ಹಿಂದೆ ಇರಿಸಿ, ಇನ್ನೊಂದು ಕೈಯಿಂದ ಮಾತ್ರ ಅಳೆಯುವುದು. ಎಚ್.ಟಿ.ಯ ಎರಡು ಅರ್ಧಗಳು ಸರಿಸುಮಾರು ಸಮನಾಗಿರಬೇಕು. ಹೊರೆಯಿಲ್ಲದಿರುವಾಗ ಎಲ್ಲ ಅಳತೆಗಳೂ ನಮೂದಿತ ಮೌಲ್ಯಕ್ಕಿಂತ ತುಸು ಹೆಚ್ಚಿರುವುದು ಸಹಜ.

4. ಅರ್ಧ ಗಂಟೆ ಹಾಗೆಯೇ ಬಿಟ್ಟು, ಪ್ಲಗ್ ತೆಗೆದ ನಂತರ ಕೈಯಿಂದ ಬಿಸಿಯನ್ನು ನೋಡುವುದು. ತುಸು ಬೆಚ್ಚಗಿರಬಹುದು. ಕೈ ಇಡಲಾಗದಷ್ಟು ಬಿಸಿ, ಮೇಣ ಕರಗಿದ ಅಥವಾ ಸುಟ್ಟ ವಾಸನೆ ಇದ್ದಲ್ಲಿ ಮುಂದಿನ ಹಂತಕ್ಕೆ ಹೋಗಕೂಡದು.

ಹಂತ 3: ರೆಕ್ಟಿಫೈಯರ್, ಕೆಪಾಸಿಟರ್ ಹಾಗೂ ಕೃತಕ ಹೊರೆ

1. ರೇಡಿಯೊದ ಉಳಿದ ಭಾಗಕ್ಕೆ ಹೋಗುವ ಎಚ್.ಟಿ. ತಂತಿಯನ್ನು ಬಿಡಿಸಿ, ಅದರ ಬದಲಿಗೆ 4.7 ಕಿಲೋ ಓಮ್ ರೋಧಕವನ್ನು ಜೋಡಿಸುವುದು. 250 ವೋಲ್ಟ್‌ನಲ್ಲಿ ಅದು ಸುಮಾರು 53 ಮಿಲಿ ಆಂಪಿಯರ್ ಸೆಳೆದು 13 ವ್ಯಾಟ್‌ನಷ್ಟು ಬಿಸಿಯಾಗುತ್ತದೆ. ಆದ್ದರಿಂದ ಅದನ್ನು ಮರ ಅಥವಾ ತಂತಿಗಳಿಗೆ ತಾಗದಂತೆ ಇರಿಸುವುದು.

2. ಹೊರೆಯಿಲ್ಲದೆ ಈ ಪರೀಕ್ಷೆಯನ್ನು ಮಾಡಕೂಡದು. 250-0-250 ವೋಲ್ಟ್‌ನ ಟ್ರಾನ್ಸ್‌ಫಾರ್ಮರ್‌ನಲ್ಲಿ ಹೊರೆಯಿಲ್ಲದಾಗ ಕೆಪಾಸಿಟರ್ ಸುಮಾರು 353 ವೋಲ್ಟ್‌ಗೆ ಏರುತ್ತದೆ. 350-0-350ರಲ್ಲಿ ಇದು 495 ವೋಲ್ಟ್ ಆಗುತ್ತದೆ. 450 ವೋಲ್ಟ್ ದರ್ಜೆಯ ಕೆಪಾಸಿಟರ್ ಇದನ್ನು ತಾಳಲಾರದು.

3. ರೆಕ್ಟಿಫೈಯರ್ ವಾಲ್ವ್ ಅಳವಡಿಸಿ, ಸೀರೀಸ್ ಲ್ಯಾಂಪ್ ಮೂಲಕವೇ ವಿದ್ಯುತ್ ನೀಡುವುದು. ವಾಲ್ವ್ ಕಾದ ಮೇಲೆ ಡಿ.ಸಿ. ವೋಲ್ಟೇಜ್ ನಿಧಾನವಾಗಿ ಏರಿ ನಿಲ್ಲಬೇಕು. ಏರಿದ ವೋಲ್ಟೇಜ್ ಮತ್ತೆ ಇಳಿಯುತ್ತಾ ಬಲ್ಬಿನ ಬೆಳಕು ಹೆಚ್ಚುತ್ತಿದ್ದರೆ ಕೆಪಾಸಿಟರ್ ಸೋರುತ್ತಿದೆ ಎಂದು ತಿಳಿಯತಕ್ಕದ್ದು. ವಾಲ್ವ್‌ನೊಳಗೆ ನೀಲಿ ಕಿಡಿ ಕಂಡರೆ ಅಥವಾ ಪ್ಲೇಟ್ ಕೆಂಪಾದರೆ ಕೂಡಲೇ ಪ್ಲಗ್ ತೆಗೆಯುವುದು.

4. ಸೀರೀಸ್ ಲ್ಯಾಂಪ್ ಇಲ್ಲದೆ, ಫ್ಯೂಸ್ ಮೂಲಕ ನೇರ ವಿದ್ಯುತ್ ನೀಡಿ ಪುನಃ ಅಳೆಯುವುದು. ಬರುವ ಮೌಲ್ಯವನ್ನು ರೇಡಿಯೊದ ಸರ್ಕ್ಯೂಟ್ ನಕ್ಷೆಯೊಂದಿಗೆ ಹೋಲಿಸುವುದು.

5. ಮೀಟರನ್ನು ಎ.ಸಿ. ಸ್ಥಾನಕ್ಕೆ ತಂದು ಮೊದಲ ಕೆಪಾಸಿಟರ್‌ನ ಮೇಲಿನ ಏರಿಳಿತವನ್ನು ಅಳೆಯಬಹುದು. ಎ.ಸಿ. ಸ್ಥಾನದಲ್ಲಿ ಡಿ.ಸಿ.ಯನ್ನು ತಡೆಯುವ ಮೀಟರ್ ಮಾತ್ರ ಇದಕ್ಕೆ ಯೋಗ್ಯ. 47 ಮೈಕ್ರೋ ಫ್ಯಾರಡ್ ಹಾಗೂ 53 ಮಿಲಿ ಆಂಪಿಯರ್‌ಗೆ ಸುಮಾರು 3 ವೋಲ್ಟ್ ಬರುವುದು ನಿರೀಕ್ಷಿತ. ಇದರ ಎರಡುಪಟ್ಟು ಅಥವಾ ಹೆಚ್ಚು ಬಂದಲ್ಲಿ ಟ್ರಾನ್ಸ್‌ಫಾರ್ಮರ್‌ನ ಒಂದು ಅರ್ಧದಿಂದ ವಿದ್ಯುತ್ ಬರುತ್ತಿಲ್ಲ ಅಥವಾ ಕೆಪಾಸಿಟರ್ ಸಾಮರ್ಥ್ಯ ಕುಂದಿದೆ.

ಹಂತ 4: ಡಿಸ್ಚಾರ್ಜ್

ಪ್ಲಗ್ ತೆಗೆದು 2 ನಿಮಿಷ ಕಾದು, ಡಿಸ್ಚಾರ್ಜ್ ಕಡ್ಡಿಯ ಕ್ಲಿಪ್ಪನ್ನು ಕೆಪಾಸಿಟರ್‌ನ ಋಣ ತುದಿಗೆ ಸಿಕ್ಕಿಸಿ, ಪ್ರತಿ ಕೆಪಾಸಿಟರ್‌ನ ಧನ ತುದಿಗೆ ಕನಿಷ್ಠ 5 ಸೆಕೆಂಡು ತಾಗಿಸುವುದು. ಬಳಿಕ ಮೀಟರ್‌ನಿಂದ ಅಳೆದು ಶೂನ್ಯಕ್ಕೆ ಬಂದಿರುವುದನ್ನು ಖಚಿತಪಡಿಸಿಕೊಂಡೇ ಕೈ ಹಾಕತಕ್ಕದ್ದು. ಡಿಸ್ಚಾರ್ಜ್ ಆದ ಕೆಪಾಸಿಟರ್ ಕೆಲವು ನಿಮಿಷಗಳಲ್ಲಿ ತಾನಾಗಿಯೇ ಸ್ವಲ್ಪ ವೋಲ್ಟೇಜನ್ನು ಮರಳಿ ಪಡೆಯುವುದುಂಟು. ಆದ್ದರಿಂದ ಪ್ರತಿ ಬಾರಿ ಕೈ ಹಾಕುವ ಮುನ್ನ ಅಳೆಯತಕ್ಕದ್ದು.

ಹಂತ 5: ರೇಡಿಯೊದೊಂದಿಗೆ ಜೋಡಣೆ

1. ಕೃತಕ ಹೊರೆಯನ್ನು ತೆಗೆದು ಎಚ್.ಟಿ. ತಂತಿಯನ್ನು ಜೋಡಿಸುವ ಮೊದಲು, ರೇಡಿಯೊದ ಕಡೆಯ ಎಚ್.ಟಿ. ಮಾರ್ಗ ಹಾಗೂ ಷಾಸಿಗಳ ನಡುವಿನ ರೋಧವನ್ನು ಅಳೆಯುವುದು. ಕೆಲವೇ ಓಮ್‌ಗಳು ಕಂಡುಬಂದಲ್ಲಿ ಅಲ್ಲಿ ಷಾರ್ಟ್ ಇದೆ.

2. ಔಟ್‌ಪುಟ್ ವಾಲ್ವ್‌ನ ಗ್ರಿಡ್‌ಗೆ ಹೋಗುವ ಹಳೆಯ ಕಾಗದದ ಕೆಪಾಸಿಟರನ್ನು ಬದಲಾಯಿಸುವುದು. ಅದು ಸೋರಿದರೆ ಗ್ರಿಡ್ ಧನ ವೋಲ್ಟೇಜ್ ಪಡೆದು, ಔಟ್‌ಪುಟ್ ವಾಲ್ವ್ ಅತಿಯಾಗಿ ಪ್ರವಾಹ ಸೆಳೆದು, ಹೊಸದಾಗಿ ವೈರಿಂಗ್ ಮಾಡಿದ ಘಟಕದ ಮೇಲೆಯೇ ಹೊರೆ ಬೀಳುತ್ತದೆ.

3. ಸ್ಪೀಕರ್ ಜೋಡಿಸಿ, ವಾಲ್ವ್‌ಗಳನ್ನು ಅಳವಡಿಸಿ, ಮೊದಲು ಸೀರೀಸ್ ಲ್ಯಾಂಪ್ ಮೂಲಕ, ನಂತರ ನೇರವಾಗಿ ವಿದ್ಯುತ್ ನೀಡುವುದು. ವಾಲ್ವ್‌ಗಳ ಸಾಕೆಟ್‌ನಲ್ಲಿ ಹೀಟರ್ ವೋಲ್ಟೇಜ್ 6.0ರಿಂದ 6.6ರ ಒಳಗಿರಬೇಕು. ಕಡಿಮೆಯಿದ್ದಲ್ಲಿ ತಂತಿ ತೆಳುವಾಗಿದೆಯೇ, ಬೆಸುಗೆ ಸಡಿಲವಾಗಿದೆಯೇ ಎಂದು ನೋಡುವುದು.

4. ಒಂದು ಗಂಟೆ ಕಾಲ ಕಣ್ಗಾವಲಿನಲ್ಲಿ ನಡೆಸಿ, 10 ನಿಮಿಷಕ್ಕೊಮ್ಮೆ ಎಚ್.ಟಿ. ವೋಲ್ಟೇಜನ್ನು ಬರೆದುಕೊಳ್ಳುವುದು. ಮೌಲ್ಯ ಸ್ಥಿರವಾಗಿದ್ದು, ಟ್ರಾನ್ಸ್‌ಫಾರ್ಮರ್ ಮತ್ತು ಕೆಪಾಸಿಟರ್‌ಗಳು ಅತಿಯಾಗಿ ಬಿಸಿಯಾಗದಿದ್ದಲ್ಲಿ ಘಟಕವು ಬಳಕೆಗೆ ಯೋಗ್ಯ. ಪ್ಲಗ್ ತೆಗೆದು, ಹಂತ 1ರ ಭೂಸಂಪರ್ಕ ಮತ್ತು ನಿರೋಧನ ಪರೀಕ್ಷೆಗಳನ್ನು ಬಿಸಿ ಸ್ಥಿತಿಯಲ್ಲಿ ಮತ್ತೊಮ್ಮೆ ನಡೆಸತಕ್ಕದ್ದು.

7. ರೆಕ್ಟಿಫೈಯರ್ ವಾಲ್ವ್ ಬದಲಿಗೆ ಸಿಲಿಕಾನ್ ಡಯೋಡ್ ಬಳಸುವವರ ಗಮನಕ್ಕೆ

7.1 ವಾಲ್ವ್‌ನಲ್ಲಿ ಆಗುತ್ತಿದ್ದ ವೋಲ್ಟೇಜ್ ನಷ್ಟವು ಡಯೋಡ್‌ನಲ್ಲಿ ಆಗುವುದಿಲ್ಲ. ಆದ್ದರಿಂದ ಎಚ್.ಟಿ. ಏರುತ್ತದೆ, ಸೂಕ್ತ ರೋಧಕವನ್ನು ಸರಣಿಯಲ್ಲಿ ಸೇರಿಸಬೇಕಾಗುತ್ತದೆ.

7.2 ಉಳಿದ ವಾಲ್ವ್‌ಗಳು ಕಾಯುವ ಮೊದಲೇ ಪೂರ್ಣ ವೋಲ್ಟೇಜ್ ಕೆಪಾಸಿಟರ್‌ಗಳ ಮೇಲೆ ಬೀಳುತ್ತದೆ.

7.3 ನಡುತುದಿಯ ಜೋಡಣೆಯಲ್ಲಿ ಪ್ರತಿ ಡಯೋಡ್ ಎದುರಿಸುವ ಹಿಮ್ಮುಖ ವೋಲ್ಟೇಜ್, 250-0-250ರಲ್ಲಿ ಸುಮಾರು 707 ವೋಲ್ಟ್. 350-0-350ರಲ್ಲಿ ಸುಮಾರು 990 ವೋಲ್ಟ್. 1000 ವೋಲ್ಟ್ ದರ್ಜೆಯ 1ಎನ್4007 ಡಯೋಡ್ ಮೊದಲನೆಯದಕ್ಕೆ ಸಾಕು. ಎರಡನೆಯದಕ್ಕೆ ಪ್ರತಿ ಬದಿಯಲ್ಲಿ ಎರಡನ್ನು ಸರಣಿಯಲ್ಲಿ ಬಳಸತಕ್ಕದ್ದು.

8. ಎ.ಸಿ./ಡಿ.ಸಿ. ರೇಡಿಯೊಗಳಿಗೆ ವಿಶೇಷ ಸೂಚನೆಗಳು

8.1 ಇವುಗಳನ್ನು ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಮೂಲಕ ಮಾತ್ರ ಪರೀಕ್ಷಿಸತಕ್ಕದ್ದು. ವೋಲ್ಟೇಜ್ ಏರಿಳಿಸುವ ವೇರಿಯಾಕ್ ಅಥವಾ ಮನೆಯ ಸ್ಟೆಬಿಲೈಸರ್ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಅಲ್ಲ; ಅವುಗಳಲ್ಲಿ ಒಳಬರುವ ಹಾಗೂ ಹೊರಹೋಗುವ ತಂತಿಗಳು ಒಂದಕ್ಕೊಂದು ನೇರವಾಗಿ ಸೇರಿರುತ್ತವೆ.

8.2 ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಬಳಸಿದಾಗ ಅದರ ಹಿಂದಿರುವ ಆರ್‌ಸಿಸಿಬಿ ರಕ್ಷಣೆ ನೀಡುವುದಿಲ್ಲ. ಎರಡು ಬಿಂದುಗಳನ್ನು ಏಕಕಾಲಕ್ಕೆ ಮುಟ್ಟಿದರೆ ಅಪಾಯ ಹಾಗೆಯೇ ಇರುತ್ತದೆ.

8.3 ಬಳಕೆಯ ಸಮಯದಲ್ಲಿ ಹಿಂಬದಿಯ ಮುಚ್ಚಳ ಹಾಗೂ ಗುಂಡಿಗಳು ಕಡ್ಡಾಯವಾಗಿ ಇರಬೇಕು. ಗುಂಡಿಗಳ ಸಣ್ಣ ತಿರುಪುಗಳು ಬೆರಳಿಗೆ ತಾಗದಂತೆ ಮೇಣದಿಂದ ಮುಚ್ಚತಕ್ಕದ್ದು. ಏರಿಯಲ್ ಮತ್ತು ಭೂಸಂಪರ್ಕದ ಸಾಕೆಟ್‌ಗಳನ್ನು ಷಾಸಿಯಿಂದ ಬೇರ್ಪಡಿಸುವ ಹಳೆಯ ಕೆಪಾಸಿಟರ್‌ಗಳನ್ನು ವೈ ದರ್ಜೆಯವುಗಳಿಂದ ಬದಲಾಯಿಸತಕ್ಕದ್ದು.

8.4 ಶಾಲೆ ಮತ್ತು ಸಾರ್ವಜನಿಕ ಪ್ರದರ್ಶನಗಳಲ್ಲಿ ಈ ವರ್ಗದ ರೇಡಿಯೊಗಳಿಗೆ ವಿದ್ಯುತ್ ಸಂಪರ್ಕ ನೀಡದೆ ಇರಿಸುವುದು ಉತ್ತಮ.

9. ಸೇವೆಗಳು ಮತ್ತು ಅನುಮತಿಗಳ ಬಗ್ಗೆ

9.1 ಬಾನುಲಿ ಕೇಳುವ ಯಂತ್ರವನ್ನು ಹೊಂದಲು ಈಗ ಪರವಾನಗಿ ಬೇಕಾಗಿಲ್ಲ. ಹಿಂದೆ ಅಂಚೆ ಕಚೇರಿಗಳ ಮೂಲಕ ನೀಡಲಾಗುತ್ತಿದ್ದ ರೇಡಿಯೊ ಲೈಸೆನ್ಸ್ ಪದ್ಧತಿಯು 1980ರ ದಶಕದಲ್ಲಿ ರದ್ದಾಗಿದೆ. ಆದರೆ ಪ್ರಸಾರ ಮಾಡುವ ಹವ್ಯಾಸಿ ರೇಡಿಯೊ ಯಂತ್ರವನ್ನು ಬಳಸಲು ಕೇಂದ್ರ ಸರ್ಕಾರದ ದೂರಸಂಪರ್ಕ ಇಲಾಖೆಯ ಪರವಾನಗಿ ಅಗತ್ಯ.

9.2 ಮನೆಯ ವೈರಿಂಗ್, ಭೂಸಂಪರ್ಕ ಹಾಗೂ ಆರ್‌ಸಿಸಿಬಿ ಅಳವಡಿಕೆಯ ಕೆಲಸವನ್ನು ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರ ಮೂಲಕವೇ ಮಾಡಿಸತಕ್ಕದ್ದು. ಕೆಲಸ ಒಪ್ಪಿಸುವ ಮುನ್ನ ಪರವಾನಗಿಯ ಅವಧಿ ಮುಗಿದಿಲ್ಲವೆಂದು ಪರಿಶೀಲಿಸುವುದು. ಕೆಲಸ ಮುಗಿದ ನಂತರ ನಿರೋಧನ ಹಾಗೂ ಭೂಸಂಪರ್ಕದ ಅಳತೆಗಳನ್ನು ಬರಹದಲ್ಲಿ ಪಡೆಯುವುದು.

9.3 ಸಾಕೆಟ್‌ನಲ್ಲಿ ವೋಲ್ಟೇಜ್ ಅತಿ ಹೆಚ್ಚು ಅಥವಾ ಕಡಿಮೆ ಇದ್ದಲ್ಲಿ ತಮ್ಮ ವ್ಯಾಪ್ತಿಯ ವಿದ್ಯುತ್ ಸರಬರಾಜು ಕಂಪನಿಗೆ 1912 ಸಂಖ್ಯೆಯ ಮೂಲಕ ದೂರು ನೀಡಬಹುದು. ಅಳೆದ ದಿನ, ಸಮಯ ಮತ್ತು ಮೌಲ್ಯವನ್ನು ಹಾಗೂ ವಿದ್ಯುತ್ ಬಿಲ್ಲಿನಲ್ಲಿರುವ ಗ್ರಾಹಕರ ಸಂಖ್ಯೆಯನ್ನು ಸಿದ್ಧವಾಗಿರಿಸಿಕೊಳ್ಳುವುದು.

10. ಅಪಘಾತ ಸಂಭವಿಸಿದಲ್ಲಿ

10.1 ಆಘಾತಕ್ಕೊಳಗಾದವರನ್ನು ಮೊದಲು ಮುಟ್ಟಕೂಡದು. ಮುಖ್ಯ ಸ್ವಿಚ್ ಆರಿಸುವುದು ಅಥವಾ ಪ್ಲಗ್ ಕಿತ್ತುಹಾಕುವುದು. ಅದು ಸಾಧ್ಯವಾಗದಿದ್ದಲ್ಲಿ ಒಣಗಿದ ಮರದ ಕೋಲಿನಿಂದ ತಂತಿಯನ್ನು ದೂರ ಸರಿಸುವುದು.

10.2 112 ಅಥವಾ 108ಕ್ಕೆ ಕರೆ ಮಾಡುವುದು. ವ್ಯಕ್ತಿಗೆ ಪ್ರಜ್ಞೆಯಿಲ್ಲದೆ ಸಹಜ ಉಸಿರಾಟ ನಿಂತಿದ್ದಲ್ಲಿ ಎದೆಯ ನಡುಭಾಗವನ್ನು ನಿಮಿಷಕ್ಕೆ 100ರಿಂದ 120 ಬಾರಿ ಬಲವಾಗಿ ಒತ್ತುತ್ತಾ, ನೆರವು ಬರುವವರೆಗೆ ಮುಂದುವರಿಸುವುದು. ಮೇಲ್ನೋಟಕ್ಕೆ ಚೇತರಿಸಿಕೊಂಡರೂ ವೈದ್ಯರಿಗೆ ತೋರಿಸತಕ್ಕದ್ದು.

10.3 ವಿದ್ಯುತ್ ಅಪಘಾತಗಳ ಸೂಚನೆ ಹಾಗೂ ವಿಚಾರಣೆಯ ಬಗ್ಗೆ ವಿದ್ಯುಚ್ಛಕ್ತಿ ಅಧಿನಿಯಮ, 2003ರ 161ನೇ ಪ್ರಕರಣದಲ್ಲಿ ಉಪಬಂಧವಿದೆ. ಪ್ರಾಣಹಾನಿ ಅಥವಾ ಗಾಯ ಸಂಭವಿಸಿದಲ್ಲಿ ಸ್ಥಳದಲ್ಲಿನ ವಸ್ತುಗಳನ್ನು ಕದಲಿಸದೆ ವಿದ್ಯುತ್ ಸರಬರಾಜು ಕಂಪನಿಗೂ ವಿದ್ಯುತ್ ಪರಿವೀಕ್ಷಕರಿಗೂ ತಿಳಿಸತಕ್ಕದ್ದು.

11. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಎ.ಸಿ. ರೇಡಿಯೊ ಚೆನ್ನಾಗಿ ಹಾಡುತ್ತಿದೆ. ಆದರೆ ಷಾಸಿ ಮುಟ್ಟಿದರೆ ಜುಮ್ಮೆನ್ನುತ್ತದೆ. ಇದು ಅಪಾಯವೇ?
ಉತ್ತರ: ಹೌದು. ಭೂಸಂಪರ್ಕವಿಲ್ಲದ ರೇಡಿಯೊದಲ್ಲಿ ಫೇಸ್‌ನಿಂದ ಷಾಸಿಗೆ 0.01 ಮೈಕ್ರೋ ಫ್ಯಾರಡ್ ಕೆಪಾಸಿಟರ್ ಇದ್ದರೆ ಸುಮಾರು 0.7 ಮಿಲಿ ಆಂಪಿಯರ್ ಹರಿಯುತ್ತದೆ, ಅದೇ ಜುಮ್ಮೆನ್ನಿಸುವುದು. ಆ ಕೆಪಾಸಿಟರ್ ಹಳೆಯದಾಗಿ ಷಾರ್ಟ್ ಆದ ದಿನ ಷಾಸಿಗೆ ಪೂರ್ಣ 230 ವೋಲ್ಟ್ ಬರುತ್ತದೆ. ಬಳಕೆಯನ್ನು ನಿಲ್ಲಿಸಿ ಹಂತ 1ರಿಂದ ಪರೀಕ್ಷಿಸತಕ್ಕದ್ದು.

ಪ್ರಶ್ನೆ: ವೇರಿಯಾಕ್‌ನಿಂದ ನಿಧಾನವಾಗಿ ವೋಲ್ಟೇಜ್ ಏರಿಸಿದರೆ ಹಳೆಯ ಕೆಪಾಸಿಟರ್‌ಗಳು ಸರಿಹೋಗುತ್ತವೆಯೇ?
ಉತ್ತರ: ರೆಕ್ಟಿಫೈಯರ್ ವಾಲ್ವ್ ಇರುವ ರೇಡಿಯೊದಲ್ಲಿ ಈ ಕ್ರಮ ಫಲಕಾರಿಯಲ್ಲ. ಕಡಿಮೆ ವೋಲ್ಟೇಜ್‌ನಲ್ಲಿ ಅದರ ಹೀಟರ್ ಕಾಯದೆ ಡಿ.ಸಿ. ಉತ್ಪತ್ತಿಯಾಗುವುದಿಲ್ಲ, ಕಾದೊಡನೆ ಒಮ್ಮೆಲೇ ಏರುತ್ತದೆ. ಹಳೆಯ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳನ್ನು ಬದಲಾಯಿಸುವುದೇ ಕ್ಷೇಮ. ನೋಟಕ್ಕೆ ಹಳೆಯ ಡಬ್ಬಿಯನ್ನು ಸಂಪರ್ಕ ತಪ್ಪಿಸಿ ಷಾಸಿಯ ಮೇಲೆ ಹಾಗೆಯೇ ಉಳಿಸಿಕೊಳ್ಳಬಹುದು.

ಪ್ರಶ್ನೆ: ಫ್ಯೂಸ್ ಪದೇ ಪದೇ ಹೋಗುತ್ತಿದೆ. ದೊಡ್ಡ ಫ್ಯೂಸ್ ಹಾಕಬಹುದೇ?
ಉತ್ತರ: ಹಾಕಕೂಡದು. ಫ್ಯೂಸ್ ಹೋಗುವುದು ದೋಷದ ಸೂಚನೆ. ಹಂತ 2ಕ್ಕೆ ಮರಳಿ, ದೋಷವು ಟ್ರಾನ್ಸ್‌ಫಾರ್ಮರ್‌ನಲ್ಲಿದೆಯೋ, ರೆಕ್ಟಿಫೈಯರ್‌ನಲ್ಲಿದೆಯೋ, ರೇಡಿಯೊದಲ್ಲಿದೆಯೋ ಎಂಬುದನ್ನು ಬೇರ್ಪಡಿಸಿ ನೋಡತಕ್ಕದ್ದು.

ಪ್ರಶ್ನೆ: ದುರಸ್ತಿಗಾರರಿಂದ ರೇಡಿಯೊ ಮರಳಿ ಪಡೆಯುವಾಗ ಏನನ್ನು ಕೇಳಬೇಕು?
ಉತ್ತರ: ಐದು ಅಳತೆಗಳನ್ನು ಬರಹದಲ್ಲಿ ಕೇಳಬಹುದು: ಭೂಸಂಪರ್ಕದ ರೋಧ, ನಿರೋಧನದ ಮೌಲ್ಯ, ಫ್ಯೂಸ್‌ನ ಮೌಲ್ಯ, ಹೊರೆಯೊಂದಿಗೆ ಎಚ್.ಟಿ. ವೋಲ್ಟೇಜ್ ಹಾಗೂ ಹೀಟರ್ ವೋಲ್ಟೇಜ್. ಎ.ಸಿ./ಡಿ.ಸಿ. ರೇಡಿಯೊ ಆಗಿದ್ದಲ್ಲಿ ಭೂಸಂಪರ್ಕದ ಬದಲಿಗೆ, ಹೊರಗಿನಿಂದ ಬೆರಳಿಗೆ ತಾಗುವ ಯಾವ ಲೋಹದ ಭಾಗವೂ ಷಾಸಿಗೆ ಸೇರಿಲ್ಲವೆಂಬ ದೃಢೀಕರಣವನ್ನು ಕೇಳತಕ್ಕದ್ದು. ಈ ಚೀಟಿಯನ್ನು ರೇಡಿಯೊದ ಹಿಂಬದಿಯ ಮುಚ್ಚಳದ ಒಳಗೆ ಅಂಟಿಸಿಟ್ಟರೆ ಮುಂದೆ ಅದನ್ನು ತೆರೆಯುವವರಿಗೆ ಉಪಯುಕ್ತವಾಗುತ್ತದೆ.

12. ಕೊನೆಯ ಮಾತು

ಮೇಲ್ಕಂಡ ಪರೀಕ್ಷೆಗಳಿಗೆ ಸುಮಾರು ಅರ್ಧ ದಿನ ಬೇಕಾಗುತ್ತದೆ. ಯಾವುದೇ ಹಂತದಲ್ಲಿ ಅನುಮಾನ ಬಂದಲ್ಲಿ ಪ್ಲಗ್ ತೆಗೆದು, ಡಿಸ್ಚಾರ್ಜ್ ಮಾಡಿ, ಹಿಂದಿನ ಹಂತಕ್ಕೆ ಮರಳತಕ್ಕದ್ದು. ಹಿರಿಯರ ನೆನಪಿನ ವಸ್ತುವು ಮನೆಯಲ್ಲಿ ಅನಾಹುತಕ್ಕೆ ಕಾರಣವಾಗದಂತೆ ನೋಡಿಕೊಳ್ಳುವ ದೃಷ್ಟಿಯಿಂದ ಸಾರ್ವಜನಿಕರು ಈ ಸೂಚನೆಗಳನ್ನು ತಪ್ಪದೆ ಪಾಲಿಸಬೇಕಾಗಿ ಕೋರಲಾಗಿದೆ.